ಬೋಟು ದಕ್ಕೆ ಬಿಟ್ಟ ಮೇಲೆ ಕಡಲ ಗಡಿ ಕಾಯುವುದು ಹೇಗೆ?

ಮಲ್ಪೆಯ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಬೋಟಿಗೆ ಐಸ್, ಡೀಸೆಲ್, ಅಕ್ಕಿ ಏರಿಸುವ ಹೊತ್ತಿಗೇ ಗಡಿ ಕಾಯುವ ಕೆಲಸ ಶುರುವಾಗಿರುತ್ತದೆ.

ಮೊದಲು ಗುರುತು. ಬೋಟಿನ ಮೈಮೇಲೆ ದಪ್ಪಕ್ಷರದಲ್ಲಿ ನೋಂದಣಿ ಸಂಖ್ಯೆ ಇರಬೇಕು. ಒಳಗಿರುವ ಪ್ರತಿಯೊಬ್ಬರ ಬಳಿಯೂ ಗುರುತಿನ ಚೀಟಿ ಇರಬೇಕು. ಇದು ಸುಮ್ನೆ ಕಾಟ ಕೊಡಲು ಮಾಡಿದ್ದಲ್ಲ. 2008ರ ನವೆಂಬರ್‌ನಲ್ಲಿ ಉಗ್ರರು ಮುಂಬೈ ಕಡೆ ಬರಲು ಬಳಸಿದ್ದು 'ಕುಬೇರ್' ಎಂಬ ನಮ್ಮದೇ ಮೀನುಗಾರಿಕೆ ಬೋಟನ್ನು. ಅದರಲ್ಲಿದ್ದ ಬಡ ಮೀನುಗಾರರು ಜೀವ ಕಳೆದುಕೊಂಡರು. ಅದನ್ನು ಮರೆಯಬಾರದು.

ವಿಹಾರದ ಬೋಟಿನಲ್ಲಿ ಬೇರೆ ದೇಶಕ್ಕೇ ಹೊರಟಿದ್ದೀರಾ? ಹಾಗಾದರೆ ಇನ್ನೂ ಎರಡು ಬಾಗಿಲು ದಾಟಬೇಕು. ಪಾಸ್‌ಪೋರ್ಟಿಗೆ ಇಮಿಗ್ರೇಷನ್ ಮುದ್ರೆ ಬೀಳಬೇಕು, ಹೊರಡಲು ಕಸ್ಟಮ್ಸ್‌ನವರ ಲಿಖಿತ ಅನುಮತಿ ಸಿಗಬೇಕು.

ಅಳಿವೆ ದಾಟಿದ ಮೇಲೆ ಕಾವಲು ಕೈ ಬದಲಾಗುತ್ತಾ ಹೋಗುತ್ತದೆ. ತೀರದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ.ವರೆಗೆ ದೇಶದ ಕಡಲು. ದಡದ ಹತ್ತಿರ ಕರಾವಳಿ ಕಾವಲು ಪೊಲೀಸರ ಬೋಟುಗಳು ಓಡಾಡುತ್ತವೆ. ಅದರಾಚೆ ಕೋಸ್ಟ್ ಗಾರ್ಡ್ ಹಡಗು, ವಿಮಾನಗಳು. ಒಟ್ಟು ಹೊಣೆ ನೌಕಾಪಡೆಯದ್ದು. 24 ಮೈಲಿನವರೆಗೆ ಕಳ್ಳಸಾಗಣೆ, ಅಕ್ರಮ ವಲಸೆ ತಡೆಯಬಹುದು. 200 ಮೈಲಿನವರೆಗೆ ಮೀನಿನ ಹಕ್ಕು ನಮ್ಮದು. ಆದರೆ ಅಲ್ಲಿ ತನ್ನ ಪಾಡಿಗೆ ಹೋಗುವ ಪರದೇಶದ ಹಡಗನ್ನು ಅಡ್ಡಗಟ್ಟುವ ಹಾಗಿಲ್ಲ.

ಇಷ್ಟು ದೊಡ್ಡ ಕಡಲಲ್ಲಿ ಬೋಟು ಕಾಣುವುದಾದರೂ ಹೇಗೆ? ದಡದ ರಾಡಾರ್‌ನಲ್ಲಿ ಅದು ಬರೀ ಒಂದು ಚುಕ್ಕೆ. ಆ ಚುಕ್ಕೆಗೆ ಹೆಸರು ಕೊಡುವುದು ಬೋಟಿನಲ್ಲಿರುವ ಎಐಎಸ್ (ತಾನಾಗಿ ಗುರುತು ಹೇಳುವ ವ್ಯವಸ್ಥೆ) ಪೆಟ್ಟಿಗೆ. ಬೋಟಿನ ಹೆಸರು, ವೇಗ, ದಿಕ್ಕು ಎಲ್ಲವನ್ನೂ ಅದು ಆಗಾಗ ಸಾರುತ್ತಿರುತ್ತದೆ. ಸಣ್ಣ ದೋಣಿಗಳಲ್ಲಿ ಹೆಚ್ಚಾಗಿ ಇದು ಇರುವುದಿಲ್ಲ. ಆದ್ದರಿಂದ ಅನುಮಾನ ಬಂದರೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯುತ್ತಾರೆ. ಉತ್ತರ ಬರದಿದ್ದರೆ ಹತ್ತಿರ ಬಂದು, ಬೋಟು ಹತ್ತಿ, ಕಾಗದ ಪತ್ರ, ಜನರ ಲೆಕ್ಕ, ಮೀನಿನ ಗೋದಾಮು ನೋಡುತ್ತಾರೆ.

ತಪ್ಪು ಮಾಡಿ ಓಡಿದರೆ ಬೆನ್ನಟ್ಟಬಹುದು. ಆದರೆ ನಮ್ಮ ನೀರಿನಲ್ಲಿ ಶುರುವಾದ ಆ ಓಟ ಎಲ್ಲೂ ಕಡಿಯಬಾರದು. ಓಡುವವನು ಬೇರೆ ದೇಶದ 12 ಮೈಲಿನೊಳಗೆ ಹೊಕ್ಕರೆ ಅಲ್ಲಿಗೇ ನಿಲ್ಲಿಸಬೇಕು.

ಬೋಟು ನಡೆಸುವ ತಾಂಡೇಲರಿಗೆ ಒಂದು ಮಾತು: ಬ್ಯಾಟರಿ ಉಳಿಸಲೆಂದು ರೇಡಿಯೊ ಆಫ್ ಮಾಡಬೇಡಿ. ತಪಾಸಣೆಯ ಕರೆ ಬರುವುದೂ ಅದರಲ್ಲೇ, ಬಿರುಗಾಳಿಯಲ್ಲಿ ನಿಮ್ಮ ಕೂಗು ಕೇಳುವುದೂ ಅದರಲ್ಲೇ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093, ಈ ಎರಡು ನಂಬರನ್ನು ಸ್ಟೀರಿಂಗ್ ಪಕ್ಕದ ಹಲಗೆಗೆ ಪೇಂಟಿನಲ್ಲಿ ಬರೆದಿಡಿ.