ವೀನಸ್ ಫ್ಲೈಟ್ರ್ಯಾಪ್: ಬೀಜ ಬಿತ್ತಿದ್ದು, ಬಾಟಲಿಯಲ್ಲಿ ಬೆಳೆಸಿದ್ದು

ಬೆಂಗಳೂರಿನ ನಮ್ಮ ಮನೆ ತಾರಸಿಯಲ್ಲಿ ಎರಡು ಟ್ರೇ ವೀನಸ್ ಫ್ಲೈಟ್ರ್ಯಾಪ್ ಇವೆ, ಎಲೆಯ ತುದಿಯ ಬಾಯಿಂದ ಹುಳ ಹಿಡಿದು ತಿನ್ನುವ ಗಿಡ. ಒಂದರಲ್ಲಿರೋದು ಬೀಜದಿಂದ ಬಂದವು, ಇನ್ನೊಂದರಲ್ಲಿರೋದು ಟಿಶ್ಯೂ ಕಲ್ಚರ್ ಬಾಟಲಿಯಿಂದ, ಅಂದರೆ ಗಿಡದ ಚೂರನ್ನು ಶುದ್ಧವಾದ ಬಾಟಲಿಯಲ್ಲಿ ಪೋಷಕ ಮಿಶ್ರಣದ ಮೇಲೆ ಬೆಳೆಸಿ ಬಂದವು. ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಆನ್‌ಲೈನ್‌ನಲ್ಲಿ ಬೀಜ ಕೊಂಡು ಮೋಸ ಹೋದೆ. ಹುಟ್ಟಿದ್ದು ಯಾವುದೋ ಹುಲ್ಲು! ಫ್ಲೈಟ್ರ್ಯಾಪ್ ಬೀಜ ಸಾಸಿವೆಗಿಂತ ಸಣ್ಣದು, ಕಪ್ಪಗೆ ಮಿರಮಿರ ಹೊಳೆಯುತ್ತೆ. ಬೇರೆ ಥರ ಕಂಡರೆ ಬಿತ್ತಲೇಬೇಡಿ. ಆಮೇಲೆ ನನ್ನ ಹತ್ತಿರ ಇದ್ದ ದೊಡ್ಡ ಗಿಡಗಳೇ ಹೂ ಬಿಟ್ಟವು. ಇದರ ಹೂವಲ್ಲಿ ಪರಾಗ ಮೊದಲು ಬರುತ್ತೆ, ಪರಾಗ ಹಿಡಿಯೋ ನಡುವಿನ ತುದಿ ಕುಚ್ಚಿನ ಹಾಗೆ ಬಿರಿಯೋದು ಒಂದೆರಡು ದಿನ ತಡ, ಹಾಗಾಗಿ ಇವತ್ತು ಅರಳಿದ ಹೂವಿನ ಪರಾಗವನ್ನು ಮೊನ್ನೆ ಅರಳಿದ್ದಕ್ಕೆ ಸಣ್ಣ ಬ್ರಶ್‌ನಿಂದ ಮುಟ್ಟಿಸಿದೆ. ಸುಮಾರು ಐದು ವಾರಕ್ಕೆ ಬೀಜ ಸಿಕ್ಕಿತು.

ಬಿತ್ತೋದು ಸುಲಭ. ಸ್ಫ್ಯಾಗ್ನಮ್ ಅನ್ನೋ ಜೌಗು ಪಾಚಿ, ಪರ್ಲೈಟ್ ಅನ್ನೋ ಹಗುರ ಬಿಳಿ ಹರಳು ಬೆರೆಸಿ ಮೇಲೆ ಸುಮ್ನೆ ಉದುರಿಸಿದೆ. ಮುಚ್ಚಬಾರದು, ಬೆಳಕು ಬೇಕು. ನೀರು ಮಾತ್ರ ಮಳೆಯದ್ದು ಅಥವಾ ಆರ್‌ಒದ್ದು. ಬೋರ್‌ವೆಲ್ ನೀರಿನ ಉಪ್ಪು ಇವಕ್ಕೆ ವಿಷ. ಮೂರು ವಾರಕ್ಕೆ ಮೊಳಕೆ ಬಂತು. ಮೊದಲ ಎಲೆಗಳಲ್ಲೇ ಎರಡು ಮಿಲಿಮೀಟರ್ ಬಾಯಿ ಇರುತ್ತೆ, ಅದನ್ನು ನೋಡಿದ ದಿನದ ಖುಷಿ ನನಗಿನ್ನೂ ನೆನಪಿದೆ. ಆದರೆ ದೊಡ್ಡದಾಗಲು ನಾಲ್ಕೈದು ವರ್ಷ ಬೇಕು.

ಅಷ್ಟು ಕಾಯಲಾರದೆ ಬಾಟಲಿಗೆ ಇಳಿದೆ. ಟಿಶ್ಯೂ ಕಲ್ಚರ್‌ನಲ್ಲಿ ಜಾಸ್ತಿ ಬಳಸೋದು ಎಂಎಸ್ ಮಾಧ್ಯಮ ಅನ್ನೋ ಪೋಷಕ ಲವಣಗಳ ಮಿಶ್ರಣ, ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ತಂಬಾಕಿನ ಮೇಲೆ ಕೆಲಸ ಮಾಡುತ್ತಾ ರೂಪಿಸಿದ್ದು. ಫ್ಲೈಟ್ರ್ಯಾಪ್ ಸಾರವಿಲ್ಲದ ಜೌಗು ಮಣ್ಣಿನ ಗಿಡ, ಅದಕ್ಕೆ ಅಷ್ಟು ಉಪ್ಪು ಭಾರ. ಹಾಗಾಗಿ ಮೂರನೇ ಒಂದು ಪಾಲು ಮಾತ್ರ ಹಾಕಿದೆ. ಲೀಟರಿಗೆ 20 ಗ್ರಾಂ ಸಕ್ಕರೆ, ಗಟ್ಟಿಯಾಗಲು 7 ಗ್ರಾಂ ಅಗರ್, ಪಿಎಚ್ (ಹುಳಿಯ ಅಳತೆ) 5.7. ಅಡುಗೆಮನೆ ಕುಕ್ಕರ್‌ನಲ್ಲಿ ಪೂರ್ತಿ ಒತ್ತಡ ಬಂದ ಮೇಲೆ 20 ನಿಮಿಷ ಇಟ್ಟು ಸೂಕ್ಷ್ಮಜೀವಿ ಕೊಂದೆ. ಎಳೇ ಹೂದಂಟನ್ನು ತುಂಡು ಮಾಡಿ, ಬ್ಲೀಚ್ ನೀರಲ್ಲಿ ಹತ್ತು ನಿಮಿಷ ಇಟ್ಟು, ಕುದಿಸಿ ಶುದ್ಧ ಮಾಡಿದ ನೀರಲ್ಲಿ ಮೂರು ಸಲ ತೊಳೆದು, ಸ್ಪಿರಿಟ್ ಸಿಂಪಡಿಸಿದ ಪ್ಲಾಸ್ಟಿಕ್ ಡಬ್ಬದೊಳಗೇ ಕೈಯಿಟ್ಟು ಬಾಟಲಿಗೆ ಹಾಕಿದೆ.

ಹನ್ನೆರಡರಲ್ಲಿ ಒಂಬತ್ತಕ್ಕೆ ವಾರದೊಳಗೆ ಬೂಷ್ಟು! ಆ ದಿನ ಬಹಳ ಬೇಜಾರಾಯಿತು. ಉಳಿದ ಮೂರರಲ್ಲಿ ತಿಂಗಳುಗಳು ಕಳೆದ ಮೇಲೆ ಗುಂಪು ಗುಂಪಾಗಿ ಮರಿಗಳು ಬಂದವು. ಬೇಗ ಜಾಸ್ತಿ ಆಗಲಿ ಅಂತ ಒಂದಕ್ಕೆ ಚಿಗುರು ಹೆಚ್ಚಿಸುವ ಬಿಎಪಿ ಹಾರ್ಮೋನ್ ಹೆಚ್ಚು ಹಾಕಿದ್ದೆ, ಅದರಲ್ಲಿ ಎಲೆಗಳೆಲ್ಲ ಸೊಟ್ಟ.

ನಿಜವಾದ ಕಷ್ಟ ಬಾಟಲಿಯಿಂದ ಹೊರಗೆ ತರುವಾಗ. ಒಳಗಿನ ತೇವದಲ್ಲಿ ಬೆಳೆದ ಎಲೆಗೆ ಮೇಣದ ಪದರ ಸರಿಯಾಗಿ ಇರಲ್ಲ, ಬಿಸಿಲಿಗೆ ಅರ್ಧ ಗಂಟೆಯಲ್ಲಿ ಬಾಡುತ್ತೆ. ಏಪ್ರಿಲ್‌ನಲ್ಲಿ ತೆಗೆದವು ಸತ್ತವು. ಜುಲೈ ಮಳೆಯಲ್ಲಿ ತೆಗೆದು, ಬೇರಿನ ಅಗರ್ ಪೂರ್ತಿ ತೊಳೆದು (ಅದರಲ್ಲಿ ಸಕ್ಕರೆ ಇರುತ್ತೆ, ಬಿಟ್ಟರೆ ಮತ್ತೆ ಬೂಷ್ಟು), ಮುಚ್ಚಿದ ಡಬ್ಬದಲ್ಲಿ ನೆಟ್ಟು, ಮುಚ್ಚಳವನ್ನು ದಿನಾ ಸ್ವಲ್ಪ ಸ್ವಲ್ಪ ತೆರೆಯುತ್ತಾ ನಾಲ್ಕು ವಾರ ಸಾಕಿದವು ಉಳಿದವು. ಬೀಜದ ಸಸಿಗಳಿಗೆ ಈ ಉಪಚಾರ ಏನೂ ಬೇಕಿರಲಿಲ್ಲ.

ಬಾಟಲಿಯ ಗಿಡಗಳು ಬಹುತೇಕ ತಾಯಿಯ ಪಡಿಯಚ್ಚು. 'ಅಕಾಯ್ ರ್ಯೂ' ಥರದ ಕಡುಗೆಂಪು ತಳಿ ಬೇಕಿದ್ದರೆ ಅದೇ ದಾರಿ, ಇಲ್ಲವೇ ಎಲೆ ಕಿತ್ತು ನೆಡೋದು, ಬುಡ ಸೀಳೋದು. ಅದರ ಬೀಜದಿಂದ ಬಂದದ್ದಕ್ಕೆ ಆ ಹೆಸರು ಇಡೋ ಹಾಗಿಲ್ಲ. ಬೀಜದ ಟ್ರೇಯಲ್ಲಿ ಒಂದೇ ಕಾಯಿಯ ಮಕ್ಕಳಲ್ಲೂ ಒಂದು ಕೆಂಪು, ಒಂದು ಪೂರಾ ಹಸಿರು, ಒಂದಕ್ಕೆ ಬಾಯಿ ಅಂಚಲ್ಲಿ ಮೊಂಡು ಹಲ್ಲು. ನನಗೆ ಈ ಟ್ರೇ ಮೇಲೆ ಪ್ರೀತಿ ಜಾಸ್ತಿ.

ಆದರೂ ಬಾಟಲಿಯನ್ನು ಕಡೆಗಣಿಸಲಾರೆ. ಈ ಗಿಡ ಮೂಲತಃ ಕಾಡಲ್ಲಿ ಇರೋದು ಅಮೆರಿಕದ ಉತ್ತರ, ದಕ್ಷಿಣ ಕೆರೊಲಿನಾದ ಕರಾವಳಿ ಬಯಲಲ್ಲಿ ಮಾತ್ರ, ಅಲ್ಲೂ ಕದ್ದು ಕೀಳುತ್ತಿದ್ದರು. ಉತ್ತರ ಕೆರೊಲಿನಾ 2014ರಲ್ಲಿ ಅದನ್ನು ಗಂಭೀರ ಅಪರಾಧ ಮಾಡಿತು. ಲ್ಯಾಬ್‌ನಲ್ಲಿ ಸಾವಿರಗಟ್ಟಲೆ ಬೆಳೆದರೆ ಕಾಡಿನದ್ದನ್ನು ಕೊಳ್ಳುವವರು ಕಡಿಮೆ ಆಗ್ತಾರೆ ಅಲ್ವಾ?

ಬೀಜದ ಟ್ರೇಯ ಆ ಕೆಂಪು ಗಿಡ ಈ ವರ್ಷ ಮೊದಲ ಸಲ ಹೂದಂಟು ಎತ್ತಿದೆ. ಅದನ್ನು ಕತ್ತರಿಸಿ ಬಾಟಲಿಗೆ ಹಾಕುತ್ತೇನೆ. ಬಾಟಲಿ ತೊಳೆದಿಟ್ಟಾಗಿದೆ.