ಸಂಬಳದ ಚೀಟಿ ಇಲ್ಲದವರಿಗೂ ಮನೆ ಸಾಲ: ಪಡೆಯುವುದು ಹೇಗೆ?

ಟೈಲರ್, ಆಟೊ ಓಡಿಸುವವರು, ಬೀದಿ ಬದಿ ಹೋಟೆಲ್ ನಡೆಸುವವರು ಒಳ್ಳೆಯ ದುಡಿಮೆ ಇದ್ದರೂ ಮನೆ ಸಾಲದ ಮಾತು ಬಂದರೆ ಹಿಂಜರಿಯುತ್ತಾರೆ. ಸ್ಯಾಲರಿ ಸ್ಲಿಪ್ ಎಲ್ಲಿಂದ ತರುವುದು, ಅಲ್ವಾ? ಅದಿಲ್ಲದೆಯೂ ಸಾಲ ಸಿಗುತ್ತದೆ. ಓಡಾಟ ಸ್ವಲ್ಪ ಜಾಸ್ತಿ.

ಮೊದಲು ಜಾಗದ ಕಾಗದ ಸರಿಮಾಡಿಕೊಳ್ಳಿ, ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ. ಆಸ್ತಿ ನಿಮ್ಮ ಹೆಸರಲ್ಲಿದೆ ಎಂದು ತೋರಿಸಲು ಪಟ್ಟಣದಲ್ಲಿ ಇ-ಖಾತಾ, ಹಳ್ಳಿಯಲ್ಲಿ ಪಂಚಾಯಿತಿ ಕೊಡುವ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಕ್ರಯಪತ್ರ, ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ), ಕಟ್ಟಡದ ಪರವಾನಗಿ, ಎಂಜಿನಿಯರ್ ಸಹಿ ಮಾಡಿದ ಎಸ್ಟಿಮೇಟ್ ಕೂಡ ಕೇಳುತ್ತಾರೆ. ಇಸಿಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಸೈಟು ಇನ್ನೂ ತಾತನ ಹೆಸರಲ್ಲಿದ್ದರೆ ವಿಭಾಗಪತ್ರ ನೋಂದಾಯಿಸಿ, ಖಾತೆ ನಿಮ್ಮ ಹೆಸರಿಗೆ ಮಾಡಿಸಿ. ಅಣ್ಣ ತಮ್ಮಂದಿರು ಬಾಯಲ್ಲಿ ಒಪ್ಪಿದ್ದನ್ನು ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ.

ಎರಡನೆಯದು ಆದಾಯ. ದಿನದ ಗಲ್ಲಾಪೆಟ್ಟಿಗೆ ದುಡ್ಡನ್ನು ಖಾತೆಗೆ ಕಟ್ಟುವ ರೂಢಿ ಈಗಲೇ ಶುರುಮಾಡಿ. ಯುಪಿಐನಲ್ಲಿ ಬಂದದ್ದೂ ಅದೇ ಖಾತೆಗೆ ಬರಲಿ. ಐಟಿ ರಿಟರ್ನ್ಸ್ ಸಲ್ಲಿಸಿದ್ದರೆ ಬ್ಯಾಂಕಿನವರಿಗೆ ಲೆಕ್ಕ ಸುಲಭ. ಅದಿಲ್ಲದವರಿಗೆ ಮನೆ ಸಾಲವನ್ನೇ ಕೊಡುವ ಹೌಸಿಂಗ್ ಫೈನಾನ್ಸ್ ಕಂಪನಿಗಳಿವೆ. ಅವರ ಸಿಬ್ಬಂದಿ ಅಂಗಡಿಗೇ ಬಂದು ವ್ಯಾಪಾರ ನೋಡಿ, ಖರೀದಿ ಬಿಲ್ಲು ತಿರುವಿ ಆದಾಯ ಅಂದಾಜು ಮಾಡುತ್ತಾರೆ.

ಈ ಅನುಕೂಲಕ್ಕೆ ಬೆಲೆಯೂ ಇದೆ: ಕಂಪನಿಗಳ ಬಡ್ಡಿ ಸಾಮಾನ್ಯವಾಗಿ ಬ್ಯಾಂಕಿಗಿಂತ ಜಾಸ್ತಿ. 10 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಶೇ 8.5ರಲ್ಲಿ ತೆಗೆದರೆ ತಿಂಗಳ ಕಂತು ಸುಮಾರು 8,680 ರೂಪಾಯಿ. ಶೇ 12 ಆದರೆ 11,010. ಕೊನೆಗೆ ಕೂಡಿಸಿದರೆ ಐದೂವರೆ ಲಕ್ಷಕ್ಕೂ ಹೆಚ್ಚು ವ್ಯತ್ಯಾಸ! ಅದಕ್ಕೇ ಮೊದಲ ಅರ್ಜಿ ಬ್ಯಾಂಕಿಗೇ ಹೋಗಲಿ. ಇನ್ನೊಂದು ವಿಷಯ: 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಸಾಲದ ಫ್ಲೋಟಿಂಗ್ (ಏರಿಳಿಯುವ) ಬಡ್ಡಿ, ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದಂಥ ಹೊರಗಿನ ದರಕ್ಕೆ ಜೋಡಣೆಯಾಗಿದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ನಿಯಮವಿಲ್ಲ.

ಕೈಯಲ್ಲೂ ಸ್ವಲ್ಪ ಹಣ ಇರಬೇಕು. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 90ಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಪಟ್ಟಣದಲ್ಲಿ ಕಟ್ಟುವವರು, ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ, ಕೇಂದ್ರದ ವಸತಿ ಯೋಜನೆ ಪಿಎಂಎವೈ (ಪ್ರಧಾನಮಂತ್ರಿ ಆವಾಸ್ ಯೋಜನೆ)-ನಗರ 2.0ರ ಬಡ್ಡಿ ಸಹಾಯಧನದ ಬಗ್ಗೆ ಕೇಳಿ. ಗರಿಷ್ಠ 1.80 ಲಕ್ಷ ರೂಪಾಯಿ, ಐದು ಕಂತಿನಲ್ಲಿ ಬರುತ್ತದೆ.

ಸಾಲ ಮಂಜೂರಾದರೂ ಹಣ ಒಟ್ಟಿಗೆ ಕೈಗೆ ಬರುವುದಿಲ್ಲ. ಪಾಯ, ಲಿಂಟಲ್, ತಾರಸಿ ಎಂದು ಹಂತ ನೋಡಿ ಬಿಡುತ್ತಾರೆ. ಮೇಸ್ತ್ರಿಗೆ ಮೊದಲೇ ಇದನ್ನು ಹೇಳಿ ಒಪ್ಪಂದ ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧಕ್ಕೆ ಕೈಸಾಲ ಹುಡುಕಬೇಕಾಗುತ್ತದೆ. ಕೆಲಸ ಮುಗಿಯುವವರೆಗೆ ಬಿಟ್ಟ ಹಣಕ್ಕೆ ಬಡ್ಡಿ ಮಾತ್ರ ಕಟ್ಟುವ ಪ್ರಿ-ಇಎಂಐ ವ್ಯವಸ್ಥೆಯೂ ಇರುತ್ತದೆ. ಬಾಡಿಗೆ ಮನೆಯಲ್ಲಿರುವವರು ಈ ಬಡ್ಡಿಯನ್ನೂ ಬಾಡಿಗೆಯ ಜೊತೆ ಲೆಕ್ಕಕ್ಕೆ ಹಿಡಿಯಬೇಕು.

ಒಪ್ಪಿಸಿದ ಮೂಲ ಪತ್ರಗಳ ಪಟ್ಟಿಗೆ ಸಹಿ ಹಾಕಿಸಿಕೊಂಡು ಜೋಪಾನವಾಗಿಡಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವು ವಾಪಸ್ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬುದು ಆರ್‌ಬಿಐ ನಿಯಮ.