ಮೊದಲು ಕೈಕಾಲು, ಆಮೇಲೆ ಬಾಯಿ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ. ಸರ್ಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದಿದ್ದು 2007ರಲ್ಲಿ, ಆದರೆ ಮನೆಯಲ್ಲಾಗಲಿ ತೋಟದಲ್ಲಾಗಲಿ ಆ ಭಾಷೆ ಕಿವಿಗೇ ಬೀಳದ ಮಗುವಿಗೆ ಪುಸ್ತಕ ಬಿಚ್ಚಿ 'ಹೇಳು' ಅಂದರೆ ಏನು ಹೇಳೀತು? ಅದಕ್ಕೇ ಶುರುವಿನ ಕೆಲವು ವಾರ ನಾನು ಯಾರನ್ನೂ ಮಾತಾಡಿಸಲು ಹೋಗುವುದಿಲ್ಲ. ಕೇಳಬೇಕು, ಕೇಳಿದ್ದನ್ನು ಮಾಡಬೇಕು, ಅಷ್ಟೇ.

ಈ ದಾರಿ ಹೊಸದಲ್ಲ. ಜೇಮ್ಸ್ ಆಶರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ಇದನ್ನು ರೂಪಿಸಿದರು, ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅಂತ ಹೆಸರು. ಕೂಸು ಮಾತು ಬರುವ ಮುಂಚೆಯೇ 'ಬಾ', 'ಕೊಡು' ಅಂದರೆ ಮೈಯಲ್ಲೇ ಉತ್ತರ ಕೊಡುತ್ತದಲ್ವಾ, ಅದೇ ಇದರ ತಳಪಾಯ.

ನನಗೆ ಕೈಗೆ ಸಿಕ್ಕ ಆಟ ಕೆರೆ-ದಡ. ಜಗಲಿ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಕೆರೆಗೆ 'ಇನ್', ದಡಕ್ಕೆ 'ಔಟ್' ಅಂತೀನಿ. ಮೊದಲು ನಾನೂ ಜೊತೆಗೆ ಹಾರುತ್ತೇನೆ, ಆಮೇಲೆ ಸುಮ್ನೆ ನಿಂತು ಬಾಯಲ್ಲಿ ಮಾತ್ರ ಹೇಳುತ್ತೇನೆ. ಒಂದು ನಿಯಮ ಮಾತ್ರ ಬದಲಾಯಿಸಿದ್ದೇನೆ: ತಪ್ಪಿದವರು ಆಟ ಬಿಟ್ಟು ಹೋಗುವ ಹಾಗಿಲ್ಲ. ಹೊರಗೆ ಕೂರಿಸಿದರೆ, ಯಾರಿಗೆ ಜಾಸ್ತಿ ಆಡಿಸಬೇಕೋ ಅವರೇ ಮೊದಲು ಹೋಗಿ ಕೂತಿರುತ್ತಾರೆ.

ಎಲ್ಲರೂ ಸರಿಯಾಗಿ ಹಾರುತ್ತಿದ್ದಾರೆ ಅಂತ ಖುಷಿಪಡುವ ಮುಂಚೆ ಇನ್ನೊಂದು ನೋಡಬೇಕು. ಅರ್ಧ ಮಕ್ಕಳು ಪಕ್ಕದವರ ಕಾಲು ನೋಡಿ ಹಾರುತ್ತಿರುತ್ತಾರೆ. ಹಾಗಾಗಿ 'ಕ್ಲೋಸ್ ಯುವರ್ ಐಸ್' ಅಂದು, ನಿಂತಲ್ಲೇ ಮಾಡುವಂಥದ್ದು ಕೊಡುತ್ತೇನೆ: ಟಚ್ ಯುವರ್ ನೋಸ್, ಹ್ಯಾಂಡ್ಸ್ ಅಪ್. ಯಾರಿಗೆ ಮಾತು ಹತ್ತಿದೆ, ಯಾರಿಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ, ಹತ್ತದ ಮಗುವಿಗೆ ನಾಚಿಕೆಯೂ ಆಗುವುದಿಲ್ಲ, ಯಾಕೆಂದರೆ ಉಳಿದವರ ಕಣ್ಣೂ ಮುಚ್ಚಿರುತ್ತದೆ.

ಜೂನ್ ಜುಲೈನಲ್ಲಿ ಇಲ್ಲಿ ಅಂಗಳಕ್ಕೆ ಇಳಿಯುವ ಮಾತೇ ಇಲ್ಲ. ಆಗ ಕೊಡೆಗಳೇ ಪಾಠದ ಸಾಮಾನು. ಓಪನ್ ಯುವರ್ ಅಂಬ್ರೆಲಾ, ಶೇಕ್ ಇಟ್, ಕ್ಲೋಸ್ ಇಟ್. ಒಂದು ಸಲಕ್ಕೆ ಮೂರೇ ಹೊಸ ಮಾತು. ಅವು ಕೂತ ಮೇಲೆ ಹಳೆಯದರ ಜೊತೆ ಬೆರೆಸಿ, ಅವರು ಎಂದೂ ಕೇಳದ ವಾಕ್ಯ ಹೇಳಬೇಕು: 'ಶೇಕ್ ದಿ ಅಂಬ್ರೆಲಾ ಆಂಡ್ ಟಚ್ ಯುವರ್ ನೋಸ್.' ಒಂದು ಕ್ಷಣ ಕಣ್ಣರಳಿಸಿ ನಿಂತು, ಆಮೇಲೆ ಎರಡನ್ನೂ ಮಾಡಿ ಬಿದ್ದುಬಿದ್ದು ನಗುತ್ತಾರೆ. ಕಂಠಪಾಠದಿಂದ ಇದು ಬರುವುದಿಲ್ಲ.

ಮಾತು ಶುರುವಾಗುವುದು ಅವರೇ ಟೀಚರ್ ಆದಾಗ. ಒಬ್ಬ ಎರಡನೇ ಕ್ಲಾಸಿನ ಹುಡುಗ ಕೈ ಎತ್ತಿ 'ಟೀಚರ್, ಜಂಪ್ ಅಂಬ್ರೆಲಾ!' ಅಂದ. ತಪ್ಪು ಅಂತ ಹೇಳಲಿಲ್ಲ. ಕೊಡೆಯನ್ನು ನೆಲದ ಮೇಲಿಟ್ಟು, 'ಜಂಪ್ ಓವರ್ ದಿ ಅಂಬ್ರೆಲಾ' ಅನ್ನುತ್ತಾ ಹಾರಿದೆ. ಮುಂದಿನವಳು 'ಓವರ್ ದಿ ಬ್ಯಾಗ್' ಅಂತ ತಾನಾಗಿಯೇ ಕೂಗಿದಳು.

ಎಲ್ಲವನ್ನೂ ಹೀಗೆ ಕಲಿಸಲು ಆಗುವುದಿಲ್ಲ. ನಿನ್ನೆ, ನಾಳೆ, ಯಾಕೆ, ಇಷ್ಟ ಇವನ್ನೆಲ್ಲ ಹಾರಿ ತೋರಿಸುವುದು ಹೇಗೆ? ಅದಕ್ಕೆ ಚಿತ್ರದ ಕಥೆಗಳನ್ನು ಹಿಡಿಯುತ್ತೇನೆ, ಅದೂ ಮಕ್ಕಳು ಕುಣಿದು ದಣಿದು ಜಗಲಿಯಲ್ಲಿ ಕೂತ ಮೇಲೆ.